ತಾಮ್ರ ಬಿದ್ದರೆ ಮಂಕಾಗುವ ಬೆಳಕು

ಕಾಡಿನ ಮೇಲ್ಮಣ್ಣನ್ನು ನೀರಿನಲ್ಲಿ ಕಲಕಿ, ಸೋಸಿ, ಬಂದ ತಿಳಿಯನ್ನು ಅತಿನೇರಳೆ ದೀಪದ ಎದುರು ಹಿಡಿದರೆ ಅದು ನಸುನೀಲಿಯಾಗಿ ಹೊಳೆಯುತ್ತದೆ. ಹಗಲಿನಲ್ಲಿ ತಿಳಿಹಳದಿಯಾಗಿ ಕಾಣುವುದೂ ಅದೇ ನೀರು. ಅದಕ್ಕೆ ಚೂರು ತಾಮ್ರದ ಲವಣ ಬೆರೆಸಿದರೆ ಹೊಳಪು ಮಂಕಾಗುತ್ತದೆ. ಇನ್ನಷ್ಟು ಬೆರೆಸಿದರೆ ಇನ್ನಷ್ಟು ಮಂಕಾಗುತ್ತದೆ. ಒಂದು ಹಂತ ದಾಟಿದ ಮೇಲೆ ಎಷ್ಟು ಸುರಿದರೂ ಅಷ್ಟಕ್ಕೇ ನಿಲ್ಲುತ್ತದೆ. ಮಣ್ಣಿನ ಸಾವಯವ ಅಂಶ ಲೋಹವನ್ನು ಎಷ್ಟು ಹಿಡಿದುಕೊಳ್ಳುತ್ತದೆ, ಎಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಈ ಮಂಕಾಗುವ ರೀತಿಯಿಂದಲೇ ಉತ್ತರ ತೆಗೆಯಬಹುದು ಎಂದು 1980ರ ದಶಕದ ಆರಂಭದಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿಗಳು ತೋರಿಸಿಕೊಟ್ಟರು. ಆಮೇಲಿನ ನಾಲ್ಕು ದಶಕಗಳನ್ನು ಹಿಂತಿರುಗಿ ನೋಡಿದರೆ, ಉತ್ತರ ಬೇಗ ಸಿಕ್ಕಿತು. ಅದು ಯಾವುದಕ್ಕೆ ಉತ್ತರ ಎಂದು ತಿಳಿಯುವುದಕ್ಕೆ ಹೆಚ್ಚು ಕಾಲ ಹಿಡಿಯಿತು.

ಒಂದು ಬೆಳಕನ್ನು ಹೀರಿ ಅದಕ್ಕಿಂತ ಉದ್ದನೆಯ ತರಂಗಾಂತರದ ಬೆಳಕನ್ನು ಕೂಡಲೇ ಹೊರಬಿಡುವ ಈ ಗುಣಕ್ಕೆ ಪಠ್ಯಪುಸ್ತಕದಲ್ಲಿ ಪ್ರತಿದೀಪ್ತಿ ಎಂದು ಹೆಸರು. ಪ್ರಯೋಗಾಲಯದ ಮಾತಿನಲ್ಲಿ ಫ್ಲೋರೆಸೆನ್ಸ್. 1852ರಲ್ಲಿ ಕೇಂಬ್ರಿಜ್‌ನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಕ್ವಿನೈನ್ ದ್ರಾವಣದ ನೀಲಿ ಹೊಳಪನ್ನು ಪರೀಕ್ಷಿಸಿ, ಹೊರಬರುವ ಬೆಳಕಿನ ತರಂಗಾಂತರ ಒಳಹೋದದ್ದಕ್ಕಿಂತ ಉದ್ದ ಎಂದು ಸ್ಥಾಪಿಸಿದರು. ಬೆಳಕು ಹೀರಿದ ಅಣು ಮೇಲಿನ ಶಕ್ತಿಮಟ್ಟಕ್ಕೆ ಏರುತ್ತದೆ, ಕೆಲವೇ ನ್ಯಾನೋಸೆಕೆಂಡುಗಳಲ್ಲಿ ಇಳಿಯುತ್ತದೆ. ಇಳಿಯುವ ದಾರಿಯಲ್ಲಿ ಒಂದಿಷ್ಟು ಶಕ್ತಿ ಶಾಖವಾಗಿ ಸೋರಿಹೋಗುತ್ತದೆ. ಉಳಿದದ್ದು ಬೆಳಕಾಗಿ ಬರುತ್ತದೆ. ಹಾಗೆ ಬೆಳಕಾಗಿ ಬರುವುದು ಎಲ್ಲ ಅಣುಗಳಿಗೂ ಸಾಧ್ಯವಿಲ್ಲ. ಬೆಂಜೀನ್ ಉಂಗುರದಂಥ ಗಟ್ಟಿ ಚೌಕಟ್ಟು ಇರುವ ಅಣುಗಳಿಗೆ ಇದು ಸುಲಭ, ಉದ್ದುದ್ದ ಇಂಗಾಲದ ಸರಪಳಿಗಳಿಗೆ ಅಲ್ಲ.

ಮಣ್ಣಿನಲ್ಲಿ ಇಂಥ ಉಂಗುರಗಳಿಗೆ ಕೊರತೆಯಿಲ್ಲ. ಎಲೆ, ತೊಗಟೆ, ಬೇರು ಕೊಳೆತಾಗ ಉಳಿಯುವ ಲಿಗ್ನಿನ್ನಿನ ತುಣುಕುಗಳು, ಟ್ಯಾನಿನ್ನುಗಳು, ಸತ್ತ ಸೂಕ್ಷ್ಮಜೀವಿಗಳ ಪ್ರೋಟೀನುಗಳು ಎಲ್ಲವೂ ಸೇರಿ ಆದ ಕಪ್ಪು-ಕಂದು ವಸ್ತುವನ್ನು ಹ್ಯೂಮಸ್ ಎಂದು ಕರೆಯುವುದು ವಾಡಿಕೆ. ಪೀಟ್ ಮಣ್ಣಿನಿಂದ ಇದನ್ನು ಕ್ಷಾರ ಹಾಕಿ ಹೊರತೆಗೆಯಬಹುದೆಂದು ಜರ್ಮನಿಯ ಫ್ರಾಂಜ್ ಕಾರ್ಲ್ ಅಖಾರ್ಡ್ 1786ರಲ್ಲೇ ತೋರಿಸಿದ್ದರು. ಕ್ಷಾರದಲ್ಲಿ ಕರಗಿ ಆಮ್ಲದಲ್ಲಿ ಗಸಿಯಾಗಿ ತಳ ಸೇರುವುದು ಹ್ಯೂಮಿಕ್ ಆಮ್ಲ, ಎರಡರಲ್ಲೂ ಕರಗಿಯೇ ಇರುವುದು ಫುಲ್ವಿಕ್ ಆಮ್ಲ. ಇವು ಒಂದೊಂದು ನಿರ್ದಿಷ್ಟ ವಸ್ತುವಿನ ಹೆಸರಲ್ಲ, ಬೇರ್ಪಡಿಸುವ ವಿಧಾನಕ್ಕೆ ಇಟ್ಟ ಹೆಸರು. ಒಂದು ಚಿಟಿಕೆ ಫುಲ್ವಿಕ್ ಆಮ್ಲದಲ್ಲಿ ಸಾವಿರಾರು ಬಗೆಯ ಅಣುಗಳಿವೆ. ಅವುಗಳಲ್ಲಿ ಹೊಳೆಯುವವು ಕೆಲವೇ; ಹೊಳೆಯುವವೂ ಜಿಪುಣ. ಹೀರಿದ ನೂರು ಫೋಟಾನುಗಳಿಗೆ ಒಂದು ಹೊರಬಂದರೆ ಹೆಚ್ಚು. ಈ ಒಂದು ಪಾಲನ್ನು ನೋಡಿ ಇಡೀ ವಸ್ತುವಿನ ಬಗ್ಗೆ ಮಾತಾಡುವುದು ಈ ವಿಧಾನದ ಧೈರ್ಯವೂ ಹೌದು, ತೊಡಕೂ ಹೌದು.

ಲೋಹದ ಪ್ರಶ್ನೆ ಆ ದಿನಗಳಲ್ಲಿ ತುರ್ತಿನದಾಗಿತ್ತು. ನ್ಯೂ ಹ್ಯಾಂಪ್‌ಶೈರ್‌ನ ಹಬರ್ಡ್ ಬ್ರೂಕ್ ಕಾಡಿನಲ್ಲಿ 1960ರ ದಶಕದಿಂದ ಮಳೆನೀರನ್ನು ಅಳೆಯುತ್ತ ಬಂದವರು ಅದು ಆಮ್ಲೀಯವೆಂದು ಕಂಡುಕೊಂಡಿದ್ದರು. ಆಮ್ಲಮಳೆ ಮಣ್ಣಿನ ಅಲ್ಯೂಮಿನಿಯಮನ್ನು ಕರಗಿಸಿ ತೊರೆಗಳಿಗೆ ಇಳಿಸುತ್ತದೆ, ತೊರೆಯ ಮೀನುಗಳ ಕಿವಿರು ಕೆಡುತ್ತದೆ. ಆದರೆ ನೀರಿನಲ್ಲಿರುವ ಅಲ್ಯೂಮಿನಿಯಮ್ ಅಷ್ಟೂ ಒಂದೇ ಸಮನಾಗಿ ವಿಷವಲ್ಲ. ಸಾವಯವ ಅಣುಗಳು ಹಿಡಿದುಕೊಂಡಿರುವ ಪಾಲು ಬಹುಮಟ್ಟಿಗೆ ನಿರುಪದ್ರವಿ, ಬಿಡಿ ಅಯಾನಾಗಿ ಇರುವುದೇ ಮುಖ್ಯವಾಗಿ ಕೊಲ್ಲುವುದು. ತಾಮ್ರದ ಕಥೆಯೂ ಹೀಗೆಯೇ. ಆದ್ದರಿಂದ ಒಟ್ಟು ಲೋಹ ಎಷ್ಟು ಎಂದು ಅಳೆದರೆ ಸಾಲದು. ಎಷ್ಟು ಸೆರೆಯಲ್ಲಿದೆ, ಎಷ್ಟು ಬಿಡುವಾಗಿದೆ ಎಂದು ತಿಳಿಯಬೇಕು.

ಕರ್ನಾಟಕದ ಮಲೆನಾಡಿಗೂ ಕರಾವಳಿಗೂ ಈ ಪ್ರಶ್ನೆ ದೂರದ್ದಲ್ಲ. ಅಡಿಕೆಯ ಕೊಳೆರೋಗದ ಮೇಲೆ ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಪ್ರಕಟಿಸಿದ ಅಧ್ಯಯನದ ನಂತರ, ಗೊನೆಗೆ ಕೊಟ್ಟೆ ಕಟ್ಟುತ್ತಿದ್ದ ತೋಟಗಳಿಗೆ ಬೋರ್ಡೋ ದ್ರಾವಣ ಬಂತು. ಮಳೆಗಾಲ ಹಿಡಿಯುವ ಮುಂಚೆ ಒಂದು ಸಲ, ನಲವತ್ತು-ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಮದ್ದು ಹೊಡೆಯುವುದು ಇಂದಿಗೂ ತೋಟದ ಕ್ಯಾಲೆಂಡರಿನ ಭಾಗ. ಶೇಕಡಾ ಒಂದರ ದ್ರಾವಣವೆಂದರೆ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದಲ್ಲಿ ತಾಮ್ರ ಕಾಲು ಪಾಲು. ಅಂದರೆ ಅಷ್ಟು ದ್ರಾವಣದಲ್ಲಿ ಸುಮಾರು 250 ಗ್ರಾಂ ತಾಮ್ರ. ಗೊನೆಯಿಂದ ತೊಳೆದುಹೋದದ್ದು ಬುಡದ ಮಣ್ಣಿಗೇ ಸೇರಬೇಕು. ತಾಮ್ರ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ಸುಲಭಕ್ಕೆ ಕೆಳಗಿಳಿಯುವುದೂ ಇಲ್ಲ. 1885ರಲ್ಲಿ ಈ ದ್ರಾವಣ ಹುಟ್ಟಿದ ಫ್ರಾನ್ಸಿನ ಹಳೆಯ ದ್ರಾಕ್ಷಿ ತೋಟಗಳ ಮೇಲ್ಮಣ್ಣಿನಲ್ಲಿ ಕಿಲೋಗೆ ನೂರಾರು ಮಿಲಿಗ್ರಾಂ ತಾಮ್ರ ಕೂಡಿರುವುದು ಇದಕ್ಕೇ. ಅದರ ಮೇಲೂ ಬೇರು ಬದುಕುತ್ತದೆ, ಎರೆಹುಳು ಬದುಕುತ್ತದೆ ಎಂದರೆ ಹ್ಯೂಮಸ್ಸಿನ ಹಿಡಿತಕ್ಕೆ ಅದರಲ್ಲಿ ದೊಡ್ಡ ಪಾಲಿದೆ. ಸೊಪ್ಪು, ದರಗು, ಕೊಟ್ಟಿಗೆ ಗೊಬ್ಬರ ಹಾಕುವ ತೋಟಗಾರನಿಗೆ ಈ ಹಿಡಿತದ ಲೆಕ್ಕ ಬೇಡದಿರಬಹುದು. ಮಣ್ಣಿನ ರಸಾಯನ ಓದುವವನಿಗೆ ಬೇಕೇ ಬೇಕು.

ಫ್ಲೋರೆಸೆನ್ಸ್ ಬರುವ ಮೊದಲು ಈ ಲೆಕ್ಕಕ್ಕೆ ಇದ್ದದ್ದು ಮುಖ್ಯವಾಗಿ ವಿದ್ಯುದ್ರಾಸಾಯನಿಕ ದಾರಿಗಳು. ತಾಮ್ರದ ಅಯಾನಿಗೆ ಮಾತ್ರ ಸ್ಪಂದಿಸುವ ಎಲೆಕ್ಟ್ರೋಡನ್ನು ಅದ್ದಿ ಬಿಡಿ ತಾಮ್ರವನ್ನು ಅಳೆಯುವುದು ಒಂದು. ಪಾದರಸದ ಹನಿಯ ಮೇಲೆ ಲೋಹವನ್ನು ಸಂಗ್ರಹಿಸಿ ಮತ್ತೆ ಕಳಚುವ ವೋಲ್ಟಾಮೆಟ್ರಿ ಇನ್ನೊಂದು. ಸೆರೆಸಿಕ್ಕ ಲೋಹವನ್ನೂ ಬಿಡಿ ಲೋಹವನ್ನೂ ಪೊರೆಯಿಂದ ಬೇರ್ಪಡಿಸುವ ಡಯಾಲಿಸಿಸ್ ಮೂರನೆಯದು. ಹ್ಯೂಮಿಕ್ ವಸ್ತು ಎಲೆಕ್ಟ್ರೋಡಿನ ಮೈಗೆ ಅಂಟಿಕೊಂಡು ಓದಿಕೆಯನ್ನು ಕೆಡಿಸುತ್ತಿತ್ತು, ಪೊರೆಯ ಕೆಲಸ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಫ್ಲೋರೆಸೆನ್ಸಿನಲ್ಲಿ ಏನನ್ನೂ ಬೇರ್ಪಡಿಸಬೇಕಿಲ್ಲ, ಏನನ್ನೂ ಅದ್ದಬೇಕಿಲ್ಲ. ಬೆಳಕು ಹಾಯಿಸಿದರೆ ಸಾಕು. ಅದರ ಆಕರ್ಷಣೆ ಎಷ್ಟಿತ್ತೆಂಬುದನ್ನು ಅಂದಿನ ಪ್ರಬಂಧಗಳ ಉತ್ಸಾಹದ ದನಿಯೇ ಹೇಳುತ್ತದೆ.

ಆರಂಭದಲ್ಲಿ ಹೇಳಿದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದ ಡೇವಿಡ್ ರಯಾನ್ ಮತ್ತು ಜೇಮ್ಸ್ ವೆಬರ್ 1982ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದ ಬುನಾದಿ. ಅದಕ್ಕೆ ಮುಂಚೆ ರಾಬರ್ಟ್ ಸಾರ್ ಮತ್ತು ವೆಬರ್ ಫುಲ್ವಿಕ್ ಆಮ್ಲದ ಹೊಳಪು ಲೋಹಗಳಿಂದ ಕುಂದುವುದನ್ನು ವಿವರವಾಗಿ ನೋಡಿದ್ದರು. ರಯಾನ್-ವೆಬರ್ ಮಾದರಿಯ ತಿರುಳು ಇಷ್ಟು: ಹ್ಯೂಮಿಕ್ ವಸ್ತುವಿನಲ್ಲಿ ಒಂದೇ ಬಗೆಯ ಹಿಡಿಕೆಗಳಿವೆ, ಒಂದು ಹಿಡಿಕೆ ಒಂದು ಲೋಹದ ಅಯಾನನ್ನು ಹಿಡಿಯುತ್ತದೆ, ತುಂಬಿದ ಹಿಡಿಕೆಗಳ ಪಾಲಿಗೆ ತಕ್ಕಂತೆ ಬೆಳಕು ನೇರ ಪ್ರಮಾಣದಲ್ಲಿ ಕುಂದುತ್ತದೆ. ಲೋಹ ಹಾಕುವ ಮುಂಚಿನ ಹೊಳಪನ್ನು 100 ಎಂದು ಇಟ್ಟುಕೊಂಡರೆ ಉಳಿಯುವ ಅಜ್ಞಾತಗಳು ಮೂರು: ಹಿಡಿತದ ಬಿಗಿ, ಹಿಡಿಕೆಗಳ ಒಟ್ಟು ಸಂಖ್ಯೆ, ಎಲ್ಲ ಹಿಡಿಕೆಗಳೂ ತುಂಬಿದ ಮೇಲೂ ಉಳಿಯುವ ಹೊಳಪು. ಸಮೀಕರಣದೊಳಗೆ ಒಂದು ವರ್ಗಮೂಲ ಇರುವುದರಿಂದ ಅದನ್ನು ಸರಳರೇಖೆಯಾಗಿ ಗ್ರಾಫ್ ಹಾಳೆಯ ಮೇಲೆ ಎಳೆದು ಇಳಿಜಾರು ಓದುವಂತಿಲ್ಲ. ಕಂಪ್ಯೂಟರಿಗೆ ಕೊಟ್ಟು, ಮೂರು ಅಂಕಿಗಳನ್ನೂ ಒಟ್ಟಿಗೆ ಸರಿದೂಗಿಸಬೇಕು. ಆ ಕಾಲಕ್ಕೆ ಇದೂ ಒಂದು ಹೊಸತೇ.

ಬೆಳಕು ಕುಂದುವುದಕ್ಕೆ ಎರಡು ಕಾರಣ ಇರಬಹುದು ಎಂಬುದು 1919ರಿಂದಲೇ, ಸ್ಟರ್ನ್ ಮತ್ತು ಫೋಲ್ಮರ್ ಅವರ ಸಮೀಕರಣದಿಂದ, ಚರ್ಚೆಯಲ್ಲಿತ್ತು. ಉದ್ರಿಕ್ತ ಅಣುವಿಗೆ ಲೋಹದ ಅಯಾನು ಹಾದಿಯಲ್ಲಿ ಬಡಿದು ಅದರ ಶಕ್ತಿ ಕಸಿಯುವುದು ಒಂದು. ಲೋಹ ಮುಂಚಿತವಾಗಿಯೇ ಅಣುವಿಗೆ ಕಟ್ಟಿಕೊಂಡು ಅದು ಹೊಳೆಯದಂತೆ ಮಾಡುವುದು ಇನ್ನೊಂದು. ಬಂಧನದ ಲೆಕ್ಕಕ್ಕೆ ಬರುವುದು ಎರಡನೆಯದು ಮಾತ್ರ. ಮಣ್ಣಿನ ವಿಷಯದಲ್ಲಿ ತೀರ್ಮಾನ ಕಷ್ಟವಲ್ಲ: ಹ್ಯೂಮಿಕ್ ಅಣು ಉದ್ರಿಕ್ತವಾಗಿರುವುದು ಕೆಲವೇ ನ್ಯಾನೋಸೆಕೆಂಡು, ಲೀಟರಿಗೆ ಹತ್ತು ಮೈಕ್ರೋಮೋಲ್ ತಾಮ್ರವಿರುವ ನೀರಿನಲ್ಲಿ ಅಷ್ಟು ಚಿಕ್ಕ ಅವಧಿಯೊಳಗೆ ಬಡಿತ ನಡೆಯುವ ಸಂಭವ ಶೇಕಡಾ 0.1ಕ್ಕೂ ಕಡಿಮೆ. ಕಣ್ಣೆದುರು ಹೊಳಪು ಮೂವತ್ತೋ ನಲವತ್ತೋ ಶೇಕಡಾ ಇಳಿಯುತ್ತಿದ್ದರೆ ಅದು ಬಡಿತದ ಕೆಲಸವಲ್ಲ, ಬಂಧನದ್ದು.

ಮೇಜಿನ ಮೇಲೆ ಈ ಪ್ರಯೋಗ ಹೊರಗಿನಿಂದ ತೀರ ಸಪ್ಪೆ. ಲೀಟರಿಗೆ ಹತ್ತು-ಹದಿನೈದು ಮಿಲಿಗ್ರಾಂ ಫುಲ್ವಿಕ್ ಆಮ್ಲ, ಅಯಾನುಗಳ ಬಲವನ್ನು ಸ್ಥಿರವಾಗಿಡಲು ಸೋಡಿಯಂ ಪರ್‌ಕ್ಲೋರೇಟ್, ಪಿಎಚ್ ಆರರ ಆಸುಪಾಸು. ಬೀಕರಿನಲ್ಲಿ 25 ಮಿಲಿಲೀಟರ್ ದ್ರಾವಣ, ಪಿಪೆಟ್ಟಿನಿಂದ 0.01 ಮೋಲಾರ್ ತಾಮ್ರದ ದ್ರಾವಣ 25 ಮೈಕ್ರೋಲೀಟರ್. ಇಷ್ಟು ಸೇರಿದರೆ ಒಳಗಿನ ತಾಮ್ರ ಹತ್ತು ಮೈಕ್ರೋಮೋಲಾರ್ ಆಯಿತು. ಹನಿ ಅಷ್ಟು ಚಿಕ್ಕದಾದ್ದರಿಂದ ದ್ರಾವಣ ತೆಳುವಾಗುವ ಚಿಂತೆಯಿಲ್ಲ. ಕಲಕುಕಡ್ಡಿ ತಿರುಗುತ್ತಿರಬೇಕು. ತಾಮ್ರ ಹಿಡಿಕೆಗೆ ಕೂರುವಾಗ ಅಲ್ಲಿದ್ದ ಹೈಡ್ರೋಜನ್ ಅಯಾನನ್ನು ಹೊರದಬ್ಬುತ್ತದೆ, ಪಿಎಚ್ ಇಳಿಯುತ್ತದೆ. ಅದನ್ನು ಕ್ಷಾರದ ಸಣ್ಣ ಹನಿಯಿಂದ ಮತ್ತೆ ಮೇಲೆತ್ತಬೇಕು. ಬಫರ್ ಹಾಕಿ ಈ ಕಿರಿಕಿರಿ ತಪ್ಪಿಸಿಕೊಳ್ಳಬಹುದು, ಆದರೆ ಫಾಸ್ಫೇಟಿನಂಥ ಬಫರ್ ತಾನೇ ಲೋಹವನ್ನು ಹಿಡಿದುಕೊಂಡು ಕೂರುತ್ತದೆ. ಹತ್ತು-ಹದಿನೈದು ನಿಮಿಷ ಕಾದು, ನಾಲ್ಕೂ ಮುಖ ತಿಳಿಯಾದ ಕ್ವಾರ್ಟ್ಜ್ ಕ್ಯುವೆಟ್ಟಿಗೆ ಸುರಿದು, 350 ನ್ಯಾನೋಮೀಟರ್ ಬೆಳಕು ಬಿಟ್ಟು 450ರ ಸುತ್ತ ಹೊರಬರುವುದನ್ನು ಓದಬೇಕು. ಓದಿ ಮುಗಿದ ಕೂಡಲೇ ಶಟರ್ ಮುಚ್ಚಬೇಕು. ಬೆಳಕಿಗೆ ಬಹಳ ಹೊತ್ತು ಒಡ್ಡಿದ ಹ್ಯೂಮಿಕ್ ಅಣುಗಳು ತಾವಾಗಿಯೇ ಕಳೆಗುಂದುತ್ತವೆ, ಆಗ ಯಾವುದು ತಾಮ್ರದ ಕೆಲಸ ಯಾವುದು ದೀಪದ ಕೆಲಸ ಎಂದು ಹೇಳುವುದು ಕಷ್ಟ. ಮತ್ತೆ 25 ಮೈಕ್ರೋಲೀಟರ್. ಹೀಗೆ ಇಡೀ ದಿನ.

ಪ್ರಯೋಗ ಕೆಡುವುದು ಎಂದೂ ಪುಸ್ತಕದಲ್ಲಿ ಬರೆದ ಕಡೆಯಲ್ಲಿ ಅಲ್ಲ. ಬಟ್ಟೆ ಸೋಪಿನ ಪುಡಿಯಿಂದ ಗಾಜಿನ ಸಾಮಾನು ತೊಳೆದರೆ ಅದರಲ್ಲಿನ ಬಿಳುಪುಕಾರಕ ಬಣ್ಣ ಗಾಜಿಗೆ ಅಂಟಿರುತ್ತದೆ; ಅದು ಹೊಳೆಯುವುದೂ ಹ್ಯೂಮಿಕ್ ವಸ್ತು ಹೊಳೆಯುವ ನೀಲಿಯಲ್ಲಿಯೇ. ಆದ್ದರಿಂದ ತೊಳೆಯುವುದು ನೈಟ್ರಿಕ್ ಆಮ್ಲದಲ್ಲಿ, ಆಮೇಲೆ ಶುದ್ಧ ನೀರಿನಲ್ಲಿ ಹತ್ತಾರು ಸಲ. ಸೋಸುವ ಪೊರೆಯೂ ಮೊದಲ ಹನಿಗಳಲ್ಲಿ ಏನಾದರೊಂದನ್ನು ಬಿಡುತ್ತದೆ, ಆ ಹನಿಗಳನ್ನು ಚೆಲ್ಲಬೇಕು. ಕ್ಯುವೆಟ್ಟಿನ ಮೇಲೆ ಬೆರಳಚ್ಚು ಇದ್ದರೆ ಅದೂ ಹೊಳೆಯುತ್ತದೆ. ಶಾಖ ಇನ್ನೊಂದು ಪೀಡೆ: ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಹೊಳಪು ಸುಮಾರು ಶೇಕಡಾ ಒಂದು ಇಳಿಯುತ್ತದೆ. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ, ತಾಪ ನಿಯಂತ್ರಣವಿಲ್ಲದ ಕೋಣೆಯಲ್ಲಿ, ಬೆಳಿಗ್ಗೆ ಶುರುವಾದ ಟೈಟ್ರೇಷನ್ ಮಧ್ಯಾಹ್ನ ಮುಗಿಯುವ ಹೊತ್ತಿಗೆ ತಾಮ್ರವೇ ಇಲ್ಲದೆಯೂ ಹೊಳಪು ಎಂಟು-ಹತ್ತು ಶೇಕಡಾ ಕುಂದಿರಬಹುದು. ಕರೆಂಟು ಹೋದರೆ ಕಥೆ ಮುಗಿಯಿತು: ಬಿಸಿ ಇರುವ ಕ್ಸೆನಾನ್ ದೀಪವನ್ನು ಕೂಡಲೇ ಹೊತ್ತಿಸುವಂತಿಲ್ಲ, ಆರಬೇಕು; ಹೊತ್ತಿಸಿದ ಮೇಲೆ ಬೆಳಕು ನೆಲೆಗೊಳ್ಳಲು ಅರ್ಧ ಗಂಟೆ ಕಾಯಬೇಕು.

ಇವೆಲ್ಲ ಕೈಚಳಕದಿಂದ ದಾಟಬಹುದಾದ ಅಡ್ಡಿಗಳು. ಬುದ್ಧಿ ಖರ್ಚಾದದ್ದು ಇನ್ನೊಂದು ಕಡೆ. ದ್ರಾವಣ ತಾನು ಹೊರಬಿಡುವ ಬೆಳಕನ್ನು ತಾನೇ ಹೀರಿಕೊಳ್ಳುತ್ತದೆ. ಒಳಬರುವ ಬೆಳಕೂ ಕ್ಯುವೆಟ್ಟಿನ ಮಧ್ಯಕ್ಕೆ ತಲುಪುವ ಮುಂಚೆ ಸೊರಗಿರುತ್ತದೆ. ಮಸಿ ಹಿಡಿದ ಲಾಂದ್ರದಲ್ಲಿ ದೀಪ ಕುಂದಿರುವುದಿಲ್ಲ, ಗಾಜು ಕಪ್ಪಾಗಿರುತ್ತದೆ. ಹೊರಗೆ ನಿಂತವನಿಗೆ ಎರಡೂ ಒಂದೇ. ಲೋಹ ಸೇರಿಸಿದಾಗ ದ್ರಾವಣ ಹೀರುವ ಬೆಳಕು ಹೆಚ್ಚಿದರೆ, ಕಬ್ಬಿಣದ ವಿಷಯದಲ್ಲಿ ಅದು ಚೆನ್ನಾಗಿಯೇ ಹೆಚ್ಚುತ್ತದೆ, ಹೊಳಪು ಕುಂದಿದಂತೆ ಕಾಣುತ್ತದೆ. ಅಲ್ಲಿ ಬಂಧನ ನಡೆದಿರಲೇಬೇಕೆಂದಿಲ್ಲ. ಇದಕ್ಕೆ ಪರಿಹಾರ ತೀರ ಸರಳ: ಅದೇ ದ್ರಾವಣದ ಹೀರಿಕೆಯನ್ನು ಬೇರೆ ಉಪಕರಣದಲ್ಲಿ ಎರಡೂ ತರಂಗಾಂತರಗಳಲ್ಲಿ ಅಳೆದು, ಎರಡನ್ನೂ ಕೂಡಿಸಿ ಅರ್ಧ ಮಾಡಿ, ಹತ್ತರ ಆ ಘಾತದಿಂದ ಓದಿಕೆಯನ್ನು ಗುಣಿಸುವುದು. ಸೂತ್ರ ಹಳೆಯದು. ಮಣ್ಣಿನ ಸಾರಗಳಲ್ಲಿ ಇದನ್ನು ಬಿಟ್ಟರೆ ಸಾಂದ್ರತೆ ಬದಲಾದಂತೆಲ್ಲ ಸಾವಯವ ಅಂಶ ಎಷ್ಟು ಹ್ಯೂಮಸ್ ಆಗಿದೆ ಎಂದು ಹೊಳಪಿನಿಂದ ಅಂದಾಜಿಸುವ ಹ್ಯೂಮೀಕರಣ ಸೂಚ್ಯಂಕವೂ ಬದಲಾಗುತ್ತದೆ ಎಂದು ಅಮೆರಿಕದ ಮೇಯ್ನ್ ವಿಶ್ವವಿದ್ಯಾಲಯದ ತ್ಸುತೋಮು ಓನೋ 2002ರಲ್ಲಿ ತೋರಿಸಿದ ಮೇಲೆ ಅದು ಕಡ್ಡಾಯ ಎನ್ನುವಷ್ಟು ರೂಢಿಗೆ ಬಂತು. ಅದಕ್ಕಿಂತ ಹಿಂದಿನ ಬಂಧನ ಸ್ಥಿರಾಂಕಗಳಲ್ಲಿ ಎಷ್ಟು ಪಾಲು ಬಂಧನ, ಎಷ್ಟು ಪಾಲು ಮಸಿ ಎಂದು ಪ್ರಬಂಧ ಪ್ರಬಂಧಕ್ಕೂ ನೋಡಿ ತೀರ್ಮಾನಿಸಬೇಕು.

ಎಲ್ಲ ಲೋಹಗಳೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ತಾಮ್ರ ಈ ವಿಧಾನದ ಕಣ್ಮಣಿ. ಅದರ ಎರಡು ಧನಾವೇಶದ ಅಯಾನಿನಲ್ಲಿ ಒಂದು ಜೋಡಿಯಾಗದ ಎಲೆಕ್ಟ್ರಾನ್ ಇದೆ. ಪಕ್ಕದ ಉದ್ರಿಕ್ತ ಅಣುವಿನ ಶಕ್ತಿ ಬೆಳಕಾಗದೆ ಬೇರೆ ದಾರಿಯಲ್ಲಿ ಇಳಿದುಹೋಗಲು ಅದು ಅನುವು ಮಾಡಿಕೊಡುತ್ತದೆ. ಅದರ ಮೇಲೆ, 1953ರ ಇರ್ವಿಂಗ್-ವಿಲಿಯಮ್ಸ್ ಶ್ರೇಣಿಯಲ್ಲಿ ಮ್ಯಾಂಗನೀಸಿನಿಂದ ಏರುತ್ತ ಹೋದ ಬಂಧನದ ಬಿಗಿ ತುದಿ ಮುಟ್ಟುವುದೂ ತಾಮ್ರದಲ್ಲೇ. ಮುಂದೆ ಸತುವಿಗೆ ಅದು ಇಳಿಯುತ್ತದೆ. ಸತು, ಕ್ಯಾಡ್ಮಿಯಮ್‌ಗಳಲ್ಲಿ ಎಲೆಕ್ಟ್ರಾನುಗಳೆಲ್ಲ ಜೋಡಿಯಾಗಿರುವುದರಿಂದ ಅವು ಬೆಳಕನ್ನು ಅಷ್ಟಾಗಿ ಕುಂದಿಸುವುದಿಲ್ಲ. ಕ್ಯಾಡ್ಮಿಯಮ್ ಎಷ್ಟೇ ಅಪಾಯಕಾರಿಯಾದರೂ ಈ ಉಪಕರಣದ ಮುಂದೆ ಅದು ಹೆಚ್ಚುಕಡಿಮೆ ಅದೃಶ್ಯ. ಕಬ್ಬಿಣ ಬಲವಾಗಿ ಕುಂದಿಸುತ್ತದೆ, ಆದರೆ ಪಿಎಚ್ ಸ್ವಲ್ಪ ಏರಿದರೂ ಹೈಡ್ರಾಕ್ಸೈಡ್ ಆಗಿ ಗಸಿಗಟ್ಟುತ್ತದೆ, ಗಸಿ ಬೆಳಕನ್ನು ಚದುರಿಸುತ್ತದೆ. ಅಲ್ಯೂಮಿನಿಯಮ್ ಎಲ್ಲಕ್ಕಿಂತ ವಿಚಿತ್ರ. ಅದು ಎಷ್ಟೋ ಸಲ ಹೊಳಪನ್ನು ಹೆಚ್ಚಿಸುತ್ತದೆ. ಸ್ಯಾಲಿಸಿಲಿಕ್ ಆಮ್ಲದಂತೆ ಅಕ್ಕಪಕ್ಕದಲ್ಲಿ ಕಾರ್ಬಾಕ್ಸಿಲ್ ಮತ್ತು ಫೀನಾಲ್ ಇರುವ ಅಣುವನ್ನು ಅಲ್ಯೂಮಿನಿಯಮ್ ಹಿಡಿದಾಗ ಅಣುವಿನ ಅಲುಗಾಟ ನಿಂತು, ಶಾಖವಾಗಿ ಸೋರುತ್ತಿದ್ದ ಶಕ್ತಿ ಬೆಳಕಿಗೆ ತಿರುಗುತ್ತದೆ. ಒಂದು ಬಗೆಯ ಹಿಡಿಕೆ ಬೆಳಗುತ್ತ ಇನ್ನೊಂದು ಕುಂದುತ್ತ ಇದ್ದರೆ, ಒಂದೇ ತರಂಗಾಂತರದಲ್ಲಿ ಓದುವವನಿಗೆ ಏನೂ ನಡೆದಿಲ್ಲವೆಂದೇ ಕಾಣಬಹುದು.

ಅಂಕಿಗಳ ವಿಷಯಕ್ಕೆ ಬಂದರೆ, ತಾಮ್ರ ಮತ್ತು ಮಣ್ಣಿನ ಫುಲ್ವಿಕ್ ಆಮ್ಲದ ನಡುವಿನ ಬಂಧನ ಸ್ಥಿರಾಂಕದ ಲಾಗ್ ಬೆಲೆ, ಪಿಎಚ್ ಐದರಿಂದ ಏಳರ ನಡುವೆ, ಈ ವಿಧಾನದಲ್ಲಿ ಸಾಮಾನ್ಯವಾಗಿ ನಾಲ್ಕರಿಂದ ಆರರೊಳಗೆ ಬರುತ್ತದೆ. ಹಿಡಿಕೆಗಳ ಸಂಖ್ಯೆ ಹೆಚ್ಚು ಕುತೂಹಲದ್ದು. ಒಂದು ಗ್ರಾಂ ಫುಲ್ವಿಕ್ ಆಮ್ಲದಲ್ಲಿ ಸುಮಾರು ಐದು ಮಿಲಿಮೋಲ್ ಕಾರ್ಬಾಕ್ಸಿಲ್ ಗುಂಪುಗಳಿವೆ ಎಂದು ಹಿಡಿದರೆ, ಲೀಟರಿಗೆ 15 ಮಿಲಿಗ್ರಾಂ ಇರುವ ದ್ರಾವಣದಲ್ಲಿ ಅವು 75 ಮೈಕ್ರೋಮೋಲ್ ಆಗುತ್ತವೆ. ಬೆಳಕಿನ ಲೆಕ್ಕ ಕೊಡುವ ಹಿಡಿಕೆಗಳು ಸಾಮಾನ್ಯವಾಗಿ ಅದರ ಒಂದು ಭಾಗ ಮಾತ್ರ. ಉಳಿದವು ಒಂಟಿಯಾಗಿ ಇರುವುದರಿಂದ ತಾಮ್ರವನ್ನು ಗಟ್ಟಿಯಾಗಿ ಹಿಡಿಯಲಾರವು ಎನ್ನುವುದು ಒಂದು ವಿವರಣೆ. ಹೊಳೆಯುವ ಅಣುಗಳಿಂದ ದೂರ ಇರುವುದರಿಂದ ಅವು ತುಂಬಿದ್ದು ಬೆಳಕಿಗೆ ತಿಳಿಯುವುದೇ ಇಲ್ಲ ಎನ್ನುವುದು ಇನ್ನೊಂದು. ಎರಡೂ ಸ್ವಲ್ಪ ಸ್ವಲ್ಪ ನಿಜವಿರಬೇಕು. 1980ರ ದಶಕದ ನಡುವಿನಲ್ಲಿ ಸ್ಟೀಫನ್ ಕಬಾನಿಸ್ ಮತ್ತು ಮಾರ್ಕ್ ಶುಮನ್ ಇದೇ ಪ್ರಶ್ನೆಯನ್ನು ಹಿಡಿದು, ಕುಂದುವಿಕೆಯನ್ನು ಎಲೆಕ್ಟ್ರೋಡಿನ ಓದಿಕೆಯ ಪಕ್ಕದಲ್ಲಿಟ್ಟು ನೋಡಿದರು. ಒಂದೇ ಬಗೆಯ ಹಿಡಿಕೆ ಎಂಬ ಊಹೆ ಕೈಗೆ ಅನುಕೂಲ, ಮಣ್ಣಿಗೆ ಅಲ್ಲ. ಮೊದಮೊದಲು ಬರುವ ತಾಮ್ರವನ್ನು ಬೆರಳೆಣಿಕೆಯಷ್ಟಿರುವ ಬಿಗಿ ಹಿಡಿಕೆಗಳು ಕಬಳಿಸುತ್ತವೆ, ಆಮೇಲಿನದು ಸಡಿಲವಾದವುಗಳ ಪಾಲು. ಹಾಗಾಗಿ ತಾಮ್ರ ಹೆಚ್ಚಿದಂತೆ ಸ್ಥಿರಾಂಕ ಸ್ಥಿರವಾಗಿ ಉಳಿಯುವುದಿಲ್ಲ.

ಮುಂದಿನ ಹೆಜ್ಜೆ ಒಂದು ತರಂಗಾಂತರದಿಂದ ಇಡೀ ಭೂಪಟಕ್ಕೆ. ಒಳಬಿಡುವ ಬೆಳಕನ್ನು 240ರಿಂದ 450 ನ್ಯಾನೋಮೀಟರಿನವರೆಗೆ ಹೆಜ್ಜೆ ಹೆಜ್ಜೆಯಾಗಿ ಬದಲಿಸುತ್ತ, ಪ್ರತಿ ಹೆಜ್ಜೆಯಲ್ಲೂ ಹೊರಬರುವ ರೋಹಿತವನ್ನು ಪೂರ್ತಿ ದಾಖಲಿಸಿದರೆ ಬೆಟ್ಟ-ಕಣಿವೆಗಳ ನಕ್ಷೆಯೊಂದು ಸಿಗುತ್ತದೆ. ಪೌಲಾ ಕೋಬಲ್ 1996ರಲ್ಲಿ ಸಮುದ್ರದ ನೀರಿಗಾಗಿ ಗುರುತಿಸಿದ ಶಿಖರಗಳ ಹೆಸರುಗಳೇ ಮಣ್ಣಿಗೂ ಬಂದವು: 350ರಲ್ಲಿ ಪ್ರಚೋದಿಸಿದರೆ 420-480ರಲ್ಲಿ ಹೊಳೆಯುವ ಹ್ಯೂಮಿಕ್ ಶಿಖರ ಸಿ, 275ಕ್ಕೆ 340ರಲ್ಲಿ ಹೊಳೆಯುವ ಪ್ರೋಟೀನ್ ಮಾದರಿಯ ಶಿಖರ ಟಿ, ಹೀಗೆ. ಹಳೆಯ ಯಂತ್ರಗಳಲ್ಲಿ ಒಂದು ನಕ್ಷೆ ತೆಗೆಯಲು ತುಂಬ ಹೊತ್ತು ಹಿಡಿಯುತ್ತಿತ್ತು. ಇಪ್ಪತ್ತು ಹನಿಗಳ ಟೈಟ್ರೇಷನ್ನಿಗೆ ಇಪ್ಪತ್ತು ನಕ್ಷೆ ಎಂದರೆ ದಿನಗಟ್ಟಲೆಯ ಮಾತು.

ಈ ನಕ್ಷೆಯಲ್ಲಿ ಭಾರತದ ಓದುಗನಿಗೆ ಪರಿಚಿತವಾದ ಒಂದು ಗೆರೆಯೂ ಇದೆ. ಶುದ್ಧ ನೀರಿನಲ್ಲೂ, 350ರಲ್ಲಿ ಪ್ರಚೋದಿಸಿದಾಗ 397 ನ್ಯಾನೋಮೀಟರ್ ಹತ್ತಿರ ಒಂದು ಸಣ್ಣ ಗುಬ್ಬು ಕಾಣುತ್ತದೆ. ಅದು ಹೊಳಪಲ್ಲ, ನೀರಿನ ಅಣುವಿನ ಕಂಪನಕ್ಕೆ ಒಂದಿಷ್ಟು ಶಕ್ತಿ ಕೊಟ್ಟು ಚದುರಿದ ಬೆಳಕು: ರಾಮನ್ ಪರಿಣಾಮ. 1923ರಲ್ಲಿ ಕಲ್ಕತ್ತೆಯಲ್ಲಿ ಕೆ. ಆರ್. ರಾಮನಾಥನ್ ಇದನ್ನು ದ್ರವಗಳಲ್ಲಿ ಕಂಡಾಗ ದುರ್ಬಲ ಪ್ರತಿದೀಪ್ತಿ ಎಂದೇ ಭಾವಿಸಲಾಗಿತ್ತು, ಎಷ್ಟು ಶುದ್ಧೀಕರಿಸಿದರೂ ಅದು ಹೋಗಲಿಲ್ಲ. 1928ರ ಫೆಬ್ರವರಿಯಲ್ಲಿ ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಅದರ ನಿಜರೂಪ ಬಿಡಿಸಿದರು. ಐದು ವರ್ಷದ ಮೇಲೆ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಮಣ್ಣಿನ ಸಾರ ಅಳೆಯುವವರಿಗೆ ಈ ಗುಬ್ಬು ಅಳಿಸಬೇಕಾದ ಕಸವೂ ಹೌದು, ಅಳತೆಗೋಲೂ ಹೌದು. ನೀರು ಎಲ್ಲ ಊರಿನಲ್ಲೂ ಒಂದೇ ಆದ್ದರಿಂದ ಆ ಗುಬ್ಬಿನ ವಿಸ್ತೀರ್ಣದಿಂದ ಓದಿಕೆಯನ್ನು ಭಾಗಿಸಿದರೆ ಮೇಯ್ನ್‌ನ ಉಪಕರಣವನ್ನೂ ಬೆಂಗಳೂರಿನ ಉಪಕರಣವನ್ನೂ ಹೋಲಿಸಬಹುದು. ಇಂದು ಫಲಿತಾಂಶಗಳನ್ನು ರಾಮನ್ ಏಕಮಾನದಲ್ಲಿ ಕೊಡುವ ರೂಢಿ ಬಂದದ್ದು ಹೀಗೆ.

ನಕ್ಷೆಯಲ್ಲಿ ಒಂದರ ಮೇಲೊಂದು ಹೊರಳಿಕೊಂಡಿರುವ ಬೆಟ್ಟಗಳನ್ನು ಬಿಡಿಸುವ ಗಣಿತ ಬಂದದ್ದು ಅನಿರೀಕ್ಷಿತ ಕಡೆಯಿಂದ. 1970ರಲ್ಲಿ ಮನೋವಿಜ್ಞಾನದ ಅಳತೆಗಳಿಗಾಗಿ ಹುಟ್ಟಿದ ಪ್ಯಾರಾಫ್ಯಾಕ್ ಎಂಬ ವಿಧಾನವನ್ನು ರಸಾಯನವಿಜ್ಞಾನಕ್ಕೆ ಒಗ್ಗಿಸುವುದರಲ್ಲಿ ಡೆನ್ಮಾರ್ಕಿನ ರಾಸ್ಮುಸ್ ಬ್ರೋ ಅವರದು ದೊಡ್ಡ ಪಾಲು. 2003ರಲ್ಲಿ ಕಾಲಿನ್ ಸ್ಟೆಡ್‌ಮನ್ ಮತ್ತು ಸಂಗಡಿಗರು ಅದನ್ನು ನೀರಿನ ಸಾವಯವ ಅಂಶಕ್ಕೆ ಹೊಂದಿಸಿದರು. ಹಲವು ಮಾದರಿಗಳ ನಕ್ಷೆಗಳನ್ನು ಒಟ್ಟಿಗೆ ಪೇರಿಸಿ, ಎಲ್ಲದರಲ್ಲೂ ಹೆಚ್ಚುಕಡಿಮೆಯಾಗುತ್ತ ಮರುಕಳಿಸುವ ಮೂಲ ಘಟಕಗಳನ್ನು ಅದು ಹೆಕ್ಕಿ ತೆಗೆಯುತ್ತದೆ. 2008ರಲ್ಲಿ ಓನೋ, ಆರಿಯಾ ಅಮೀರ್‌ಬಹ್ಮನ್ ಮತ್ತು ಬ್ರೋ ಇದನ್ನು ಮಣ್ಣಿನ ನೀರುಸಾರದ ಲೋಹ ಬಂಧನಕ್ಕೆ ಬಳಸಿದರು. ಅದೇ ವರ್ಷ ಯಾಮಾಶಿತಾ ಮತ್ತು ಜಾಫೆ ನೀರಿನ ಸಾವಯವ ಅಂಶದೊಂದಿಗೆ ಲೋಹಗಳ ನಂಟಿಗೆ ಇದೇ ದಾರಿ ಹಿಡಿದರು. ಒಂದು ಮಾದರಿಗೆ ಒಂದು ಸ್ಥಿರಾಂಕ ಎಂಬ ಸ್ಥಿತಿಯಿಂದ ಒಂದೊಂದು ಘಟಕಕ್ಕೂ ಒಂದೊಂದು ಸ್ಥಿರಾಂಕ ಎಂಬಲ್ಲಿಗೆ ಬಂದಂತಾಯಿತು. ಹ್ಯೂಮಿಕ್ ಮಾದರಿಯ ಘಟಕ ತಾಮ್ರಕ್ಕೆ ಬೇಗ ಕುಂದುವುದು, ಪ್ರೋಟೀನ್ ಮಾದರಿಯದು ಬೇರೆ ಗತಿಯಲ್ಲಿ ನಡೆಯುವುದು ಕಣ್ಣಿಗೇ ಕಾಣುವಂತಾಯಿತು. ಅಲ್ಯೂಮಿನಿಯಮ್ ಒಂದನ್ನು ಬೆಳಗಿಸಿ ಇನ್ನೊಂದನ್ನು ಕುಂದಿಸುವ ಆಟವೂ ಇಲ್ಲಿ ಬಿಡಿಬಿಡಿಯಾಗಿ ಸಿಗುತ್ತದೆ.

ಆದರೆ ಈ ಘಟಕಗಳು ಅಣುಗಳಲ್ಲ, ಗಣಿತದ ಮುಖಗಳು. ಒಂದು ಘಟಕದ ರೋಹಿತದ ಆಕಾರ ಲೋಹ ಸೇರಿದರೂ ಬದಲಾಗುವುದಿಲ್ಲ, ಎತ್ತರ ಮಾತ್ರ ಬದಲಾಗುತ್ತದೆ ಎಂಬ ಊಹೆಯ ಮೇಲೆ ಇಡೀ ಕಟ್ಟಡ ನಿಂತಿದೆ. ಅಲ್ಯೂಮಿನಿಯಮ್ ಹಿಡಿದ ಅಣುವಿನ ಶಿಖರ ಸ್ವಲ್ಪ ಸರಿದರೆ ಪ್ಯಾರಾಫ್ಯಾಕ್ ಅದನ್ನು ಹೊಸ ಘಟಕ ಎನ್ನಬಹುದು, ಇಲ್ಲವೇ ಎರಡು ಹಳೆಯವುಗಳಿಗೆ ಹಂಚಿಬಿಡಬಹುದು. 2004ರಲ್ಲಿ ರೊಸ್ಸಾನಾ ಡೆಲ್ ವೆಕ್ಕಿಯೊ ಮತ್ತು ನೀಲ್ ಬ್ಲೌ ಎತ್ತಿದ ಪ್ರಶ್ನೆ ಇನ್ನೂ ಆಳದ್ದು: ಹ್ಯೂಮಿಕ್ ವಸ್ತುವಿನ ಬೆಳಕಿನ ಗುಣಗಳು ಬಿಡಿ ಅಣುಗಳ ಮೊತ್ತವಲ್ಲ, ಒಂದು ಗುಂಪಿನಿಂದ ಪಕ್ಕದ ಗುಂಪಿಗೆ ಎಲೆಕ್ಟ್ರಾನ್ ದಾಟುವುದರಿಂದ ಹುಟ್ಟುವಂಥವು ಎಂದು ಅವರು ವಾದಿಸಿದರು. ಹಾಗಿದ್ದರೆ ಮೊತ್ತವನ್ನು ಬಿಡಿಸಿ ಘಟಕ ತೆಗೆಯುವುದರ ಅರ್ಥವೇನು? 2015ರಲ್ಲಿ ಯೋಹಾನ್ನೆಸ್ ಲೇಮನ್ ಮತ್ತು ಮಾರ್ಕುಸ್ ಕ್ಲೇಬರ್ ಹ್ಯೂಮಿಕ್ ಆಮ್ಲ ಎಂಬುದೇ ಕ್ಷಾರದ ಸೃಷ್ಟಿ, ಮಣ್ಣಿನಲ್ಲಿ ಇರುವುದು ಕೊಳೆಯುವ ಬೇರೆ ಬೇರೆ ಹಂತದ ಸಾಮಾನ್ಯ ಜೈವಿಕ ತುಣುಕುಗಳು ಎಂದು ಬರೆದದ್ದು ಮಣ್ಣುವಿಜ್ಞಾನಿಗಳಲ್ಲಿ ದೊಡ್ಡ ಜಗಳವನ್ನೇ ಎಬ್ಬಿಸಿತು. ಜಗಳದ ಒಂದು ಒಳ್ಳೆಯ ಫಲವೆಂದರೆ ಕ್ಷಾರಸಾರದ ಬದಲು ಬರಿಯ ನೀರಿನ ಸಾರವನ್ನು ಬಳಸುವವರು ಹೆಚ್ಚಿದ್ದು. ಲೋಹ ಬಂಧನದ ಮಟ್ಟಿಗಂತೂ ಅದೇ ಸರಿ. ಮಳೆನೀರು ಮಣ್ಣಿನ ಮೂಲಕ ಇಳಿಯುವಾಗ ಸೋಡಿಯಂ ಹೈಡ್ರಾಕ್ಸೈಡ್ ಇರುವುದಿಲ್ಲ.

ಲೋಹ ನಿಜವಾಗಿ ಎಲ್ಲಿ ಕೂತಿದೆ ಎಂಬ ಪ್ರಶ್ನೆಗೆ ಬೆಳಕಿನಿಂದ ಉತ್ತರ ಬರುವುದಿಲ್ಲ. ಅದಕ್ಕೆ ಎಕ್ಸ್-ಕಿರಣಗಳು ಬೇಕಾದವು. ಸ್ವೀಡನ್ನಿನ ಕಾರ್ಲ್‌ಸನ್, ಪರ್ಸನ್, ಶಿಲ್ಬರಿ 2006ರಲ್ಲಿ ಸಾವಯವ ಮಣ್ಣಿನ ತಾಮ್ರವನ್ನು ಎಕ್ಸ್-ಕಿರಣ ಹೀರಿಕೆಯಿಂದ ನೋಡಿ, ಅದು ಇಂಗಾಲ-ಆಮ್ಲಜನಕಗಳ ಜೊತೆ ಸೇರಿ ಉಂಗುರ ಕಟ್ಟಿಕೊಂಡು ಕೂತಿರುವುದನ್ನು ತೋರಿಸಿದರು. ಪಾದರಸದ ವಿಷಯ ಇನ್ನೂ ಪಾಠ ಕಲಿಸುವಂಥದು. ಅದನ್ನು ಹಿಡಿಯುವುದು ಬಲು ಅಪರೂಪವಾದ ಗಂಧಕದ ಗುಂಪುಗಳು. ಹಿಡಿತ ತಾಮ್ರದ್ದಕ್ಕಿಂತ ಎಷ್ಟೋ ಪಟ್ಟು ಬಿಗಿ. ಆದರೆ ಬೆಳಕು ಕುಂದುವುದು ಕಾಣಬೇಕಾದರೆ ಮೈಕ್ರೋಮೋಲ್ ಮಟ್ಟದ ಲೋಹ ಸುರಿಯಬೇಕು, ಅಷ್ಟರಲ್ಲಿ ಗಂಧಕದ ಹಿಡಿಕೆಗಳೆಲ್ಲ ತುಂಬಿ ತುಳುಕಿರುತ್ತವೆ. ಅಳತೆಗೆ ಸಿಗುವುದು ಆಮೇಲಿನ ಸಡಿಲ ಹಿಡಿಕೆಗಳು. ಪರಿಸರದಲ್ಲಿ ನಿಜವಾಗಿ ಇರುವ ಪ್ರಮಾಣದ ಪಾದರಸ ಆ ಹಿಡಿಕೆಗಳನ್ನು ಮುಟ್ಟುವುದೇ ಇಲ್ಲ.

ಇದೇ ಕಾರಣಕ್ಕೆ ಎಡ್ವರ್ಡ್ ಟಿಪ್ಪಿಂಗ್ ಅವರ ವ್ಯಾಮ್ ಅಥವಾ ನೀಕಾ-ಡೊನ್ನಾನ್‌ನಂಥ, ಹಿಡಿಕೆಗಳ ಬಿಗಿಯನ್ನು ಒಂದು ವಿಸ್ತಾರವಾಗಿ ಕಾಣುವ ಲೆಕ್ಕಾಚಾರದ ಮಾದರಿಗಳು ಹೆಚ್ಚಾಗಿ ಎಲೆಕ್ಟ್ರೋಡಿನ ದತ್ತಾಂಶವನ್ನೇ ನೆಚ್ಚಿಕೊಂಡಿವೆ. ಫ್ಲೋರೆಸೆನ್ಸಿನ ಬಲ ಹೋಲಿಕೆಯಲ್ಲಿದೆ: ಒಂದೇ ದಿನ, ಒಂದೇ ಪಿಎಚ್, ಒಂದೇ ಸಾಂದ್ರತೆಯಲ್ಲಿ, ಕಾಡಿನ ಮಣ್ಣಿನ ಸಾರವನ್ನೂ ಉತ್ತ ಹೊಲದ ಸಾರವನ್ನೂ, ಹಸಿ ಸೊಪ್ಪಿನ ಸಾರವನ್ನೂ ಕಳಿತ ಗೊಬ್ಬರದ ಸಾರವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡುವುದು. ಆ ಕೆಲಸಕ್ಕೆ ಇದರಷ್ಟು ಅಗ್ಗದ, ಚುರುಕಾದ ವಿಧಾನ ಕಡಿಮೆ. ಒಂದು ಲ್ಯಾಬಿನ 5.1ನ್ನು ಇನ್ನೊಂದರ 4.7ರ ಎದುರು ಇಟ್ಟು ಯಾವ ಮಣ್ಣು ಬಿಗಿ ಎಂದು ತೀರ್ಪು ಕೊಡುವುದಕ್ಕೆ ಅಲ್ಲ.

ತೋಟದ ಮಣ್ಣಿಗೆ ಬಂದರೆ ಇನ್ನೊಂದು ಮಿತಿಯಿದೆ. ನೀರಿನಲ್ಲಿ ಕರಗಿ ಕ್ಯುವೆಟ್ಟಿಗೆ ಬರುವುದು ಮಣ್ಣಿನ ಸಾವಯವ ಅಂಶದ ತೀರ ಚಿಕ್ಕ ಪಾಲು. ದಶಕಗಟ್ಟಲೆ ಬಿದ್ದ ಬೋರ್ಡೋ ತಾಮ್ರದ ಬಹುಪಾಲು ಕರಗದ ಹ್ಯೂಮಸ್ಸಿಗೂ ಕಬ್ಬಿಣದ ಆಕ್ಸೈಡಿಗೂ ಅಂಟಿಕೊಂಡು ಮಣ್ಣಿನಲ್ಲೇ ಕೂತಿರುತ್ತದೆ. ಮಲೆನಾಡಿನ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಆಕ್ಸೈಡುಗಳ ಪಾಲೂ ಸಣ್ಣದಲ್ಲ. ಬೆಳಕು ತೋರಿಸುವುದು ಮಳೆಗಾಲದಲ್ಲಿ ನೀರಿನ ಜೊತೆ ತೋಟದ ಬಸಿಗಾಲುವೆಗೆ, ಹಳ್ಳಕ್ಕೆ ಇಳಿಯಬಲ್ಲ ತಾಮ್ರದ ಸ್ಥಿತಿಯನ್ನು. ಬೇರಿಗೆ ಸಿಗುವ ತಾಮ್ರದ ಅಂದಾಜಿಗೆ ಮಣ್ಣು ಪರೀಕ್ಷಾ ಕೇಂದ್ರಗಳು ಬಳಸುವುದು 1978ರಲ್ಲಿ ಲಿಂಡ್ಸೆ ಮತ್ತು ನಾರ್ವೆಲ್ ರೂಪಿಸಿದ ಡಿಟಿಪಿಎ ಸಾರದ ಪರೀಕ್ಷೆ. ಮಣ್ಣು ಆರೋಗ್ಯ ಚೀಟಿಯಲ್ಲಿ ತಾಮ್ರದ ಎದುರು ನಮೂದಾಗುವ ಅಂಕಿ ಅದರದು. ಫ್ಲೋರೆಸೆನ್ಸಿನ ಅಂಕಿಗೆ ಆ ಚೀಟಿಯಲ್ಲಿ ಜಾಗವಿಲ್ಲ. ಅದು ಸಂಶೋಧನೆಯ ಮೇಜಿನ ಮೇಲೆಯೇ, ಪಿಎಚ್, ತಾಪ, ಸಾಂದ್ರತೆ, ಹೀರಿಕೆಯ ತಿದ್ದುಪಡಿಗಳ ವಿವರದೊಂದಿಗೆ ಬಳಕೆಯಾಗುತ್ತಿದೆ.